ಕೈಕೆಳಗೆ ಯಾರೂ ಇಲ್ಲ, ಆದರೂ ಟೀಮ್ ಮುನ್ನಡೆಸಬೇಕು. ಹೇಗೆ ಕಲಿಯೋದು?

ಹುಳದಮನೆ_ಹುಡುಗಿ (ಶಿಡ್ಲಘಟ್ಟ):

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಓದಿ.

ನಾನು ಎಂಟು ತಿಂಗಳಿಂದ ಬೆಂಗಳೂರಿನ ಒಂದು ಕಂಪನಿಯಲ್ಲಿ ಪ್ರಾಡಕ್ಟ್ ಮ್ಯಾನೇಜರ್, ಅಂದರೆ ಆ್ಯಪ್‌ನಲ್ಲಿ ಏನಿರಬೇಕು ಅಂತ ಟೀಮಿನ ಜೊತೆ ತೀರ್ಮಾನಿಸುವ ಕೆಲಸ. ರೇಷ್ಮೆ ಬೆಳೆಗಾರರಿಗೆ ಆ್ಯಪ್ ಮಾಡುತ್ತೇವೆ. ಟೀಮಿನಲ್ಲಿ ಆರು ಜನ ಡೆವಲಪರ್‌ಗಳು, ಒಬ್ಬರು ಡಿಸೈನರ್. ಯಾರೂ ನನಗೆ ರಿಪೋರ್ಟ್ ಮಾಡಲ್ಲ. ಎಲ್ಲರೂ ನನಗಿಂತ ವಯಸ್ಸಿನಲ್ಲಿ ದೊಡ್ಡವರು.

ಹೋದ ತಿಂಗಳು ರೇಷ್ಮೆ ಹುಳಕ್ಕೆ ಸೊಪ್ಪು ಹಾಕುವ ಹೊತ್ತನ್ನು ನೆನಪಿಸುವ ಸೌಲಭ್ಯ ಬಿಟ್ಟೆವು. ಇಷ್ಟು ಗಂಟೆಗೊಮ್ಮೆ ಮೆಸೇಜ್ ಹೋಗುತ್ತದೆ. ಆದರೆ ಹುಳ ಜ್ವರಕ್ಕೆ ಕೂತಾಗ, ಅಂದರೆ ಪೊರೆ ಬಿಡೋಕೆ ತಿನ್ನೋದು ನಿಲ್ಲಿಸಿ ಮಲಗಿದಾಗ, ಸೊಪ್ಪು ಹಾಕಬಾರದು. ಅರ್ಧ ಹುಳ ಎದ್ದು ಅರ್ಧ ಮಲಗಿದ್ದಾಗ ಹಾಕಿದರೂ ಬೆಳೆ ಏರುಪೇರಾಗುತ್ತದೆ, ಗೂಡು ಒಂದೇ ಸಮ ಬರಲ್ಲ. ಜ್ವರ ಸುಮಾರು ಒಂದು ದಿನ ಇರುತ್ತದೆ, ಚಳಿ ಇದ್ದರೆ ಇನ್ನೂ ಜಾಸ್ತಿ. ಇದನ್ನು ಗಡಿಯಾರ ನೋಡಿ ಹೇಳೋಕಾಗಲ್ಲ.

ಇದು ನನಗೆ ಗೊತ್ತಿತ್ತು. ಅಮ್ಮನ ಹುಳದ ಮನೆಯಲ್ಲೇ ಬೆಳೆದವಳು ನಾನು. ಆದರೆ ಮೀಟಿಂಗಿನಲ್ಲಿ ಸೀನಿಯರ್ ಡೆವಲಪರ್ "ಸದ್ಯಕ್ಕೆ ಒಂದೇ ಅಂತರ ಇಡೋಣ, ಸುಲಭ" ಅಂದಾಗ ಸುಮ್ನೆ ಕೂತೆ. ರಿಲೀಸ್ ಆದ ವಾರದಲ್ಲೇ ಒಬ್ಬ ರೈತರು ಫೋನ್ ಮಾಡಿ "ಜ್ವರದಲ್ಲಿರೋ ಹುಳಕ್ಕೆ ಸೊಪ್ಪು ಹಾಕು ಅಂತೀರಲ್ಲಮ್ಮ" ಅಂದರು. ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ಆಮೇಲೆ ಟೀಮಿನವರು "ಇದನ್ನು ತೀರ್ಮಾನ ಮಾಡಿದ್ದು ಯಾರು?" ಅಂತ ಕೇಳಿದರು. "ಮೇಲಿನವರು ಬೇಗ ಬೇಕು ಅಂದಿದ್ದರು" ಅಂದೆ. ಆ ಉತ್ತರ ನನಗೇ ಸರಿ ಅನ್ನಿಸಲಿಲ್ಲ. ನಾಯಕತ್ವ ಅನ್ನೋದು ಕೆಲವರಿಗೆ ಹುಟ್ಟಿನಿಂದಲೇ ಬರುತ್ತದಾ, ಇಲ್ಲ ರೂಢಿ ಮಾಡಿಕೊಳ್ಳಬಹುದಾ?

ಕೋಲಾರದ_ಕಡೆಯವನು:

ರೂಢಿ ಮಾಡಿಕೊಳ್ಳಬಹುದು ತಂಗಿ. ಹನ್ನೊಂದು ವರ್ಷದಿಂದ ಇದೇ ಕೆಲಸದಲ್ಲಿದ್ದೇನೆ. ಮೊದಲ ಮೂರು ವರ್ಷ ನಾನೂ "ಮೇಲಿನವರು ಹೇಳಿದ್ದಾರೆ" ಅಂತಲೇ ನಡೆಸಿದೆ. ಆ ಮಾತು ಹೇಳಿದ ಕೂಡಲೇ ನಾವು ಬರೀ ಸುದ್ದಿ ಮುಟ್ಟಿಸುವವರಾಗುತ್ತೇವೆ.

ನನ್ನನ್ನು ಬದಲಿಸಿದ್ದು 2023ರ ಜುಲೈ. ನೆನಪಿದೆಯಲ್ವಾ, ಕೋಲಾರದ ಎಪಿಎಂಸಿಯಲ್ಲಿ 15 ಕೆಜಿ ಟೊಮೇಟೊ ಬಾಕ್ಸ್ 2,000 ರೂಪಾಯಿ ದಾಟಿತ್ತು. ನಾವು ಆಗ ದರ ತೋರಿಸುವ ಆ್ಯಪ್ ಮಾಡುತ್ತಿದ್ದೆವು. ದರ ಅರ್ಧ ಗಂಟೆ ತಡವಾದರೂ ಪರವಾಗಿಲ್ಲ ಅಂತ ಡೆವಲಪರ್‌ಗಳ ವಾದ. ಎಷ್ಟು ಸಲ ವಿವರಿಸಿದರೂ ಅವರಿಗೆ ನಾಟಲಿಲ್ಲ. ಕೊನೆಗೆ ಇಬ್ಬರನ್ನು ಬೆಳಿಗ್ಗೆಯೇ ಯಾರ್ಡಿಗೆ ಕರೆದುಕೊಂಡು ಹೋದೆ. ಹರಾಜು ಕೂಗುವವರ ಪಕ್ಕದಲ್ಲಿ ನಿಲ್ಲಿಸಿದೆ, ನಾನು ಏನೂ ಮಾತಾಡಲಿಲ್ಲ. ಒಂದು ರಾಶಿಯ ಹರಾಜು ನೋಡನೋಡುತ್ತಲೇ ಮುಗಿಯಿತು. ಪಕ್ಕದ ರಾಶಿಗೆ ಬೇರೆ ರೇಟು. ವಾಪಸ್ ಬರುವಾಗ ನರಸಾಪುರದ ಹತ್ತಿರ ಟೀ ಕುಡಿಯುತ್ತಾ ಅವರಲ್ಲೊಬ್ಬ "ಅರ್ಧ ಗಂಟೆ ಹಳೇ ರೇಟು ತೋರಿಸೋದಕ್ಕಿಂತ ತೋರಿಸದೇ ಇರೋದೇ ವಾಸಿ" ಅಂದ. ನಾನು ತಿಂಗಳಿಂದ ಹೇಳುತ್ತಿದ್ದದ್ದೂ ಅದೇ.

ಅವತ್ತಿಂದ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಪ್ರತಿ ತೀರ್ಮಾನಕ್ಕೂ ನಾಲ್ಕು ಸಾಲು: ಏನು ತೀರ್ಮಾನಿಸಿದೆವು, ಯಾಕೆ, ಯಾರು ಒಪ್ಪಲಿಲ್ಲ, ಮತ್ತೆ ಯಾವಾಗ ನೋಡಬೇಕು. ಇದು ಟೀಮಿಗೆಲ್ಲ ಕಾಣುವ ಹಾಗೆ ಇರುತ್ತದೆ. ಕೆಳಗೆ ನನ್ನ ಹೆಸರು. ಹೆಸರು ಬರೆದ ಮೇಲೆ "ಮೇಲಿನವರು" ಅನ್ನೋಕೆ ಬಾಯಿ ಬರಲ್ಲ.

ಇನ್ನೊಂದು. ಎಲ್ಲರೂ ಒಪ್ಪುವ ತನಕ ಕಾಯಬೇಡಿ. ಅಮೆಜಾನ್‌ನ ಜೆಫ್ ಬೆಜೋಸ್ ತಮ್ಮ ಷೇರುದಾರರಿಗೆ ಬರೆದ 2016ನೇ ಸಾಲಿನ ಪತ್ರದಲ್ಲಿ ಇದನ್ನು ಹೇಳಿದ್ದಾರೆ. ಒಂದು ಕಾರ್ಯಕ್ರಮ ಮಾಡೋದು ಅವರಿಗೆ ಇಷ್ಟವಿರಲಿಲ್ಲ, ಟೀಮಿಗೆ ಇಷ್ಟವಿತ್ತು. ನನಗೆ ಒಪ್ಪಿಗೆಯಿಲ್ಲ, ಆದರೂ ನಿಮ್ಮ ಜೊತೆಗಿರುತ್ತೇನೆ ಅಂತ ಕೂಡಲೇ ಬರೆದರಂತೆ. ಇದರಲ್ಲಿ ಎರಡು ಭಾಗ ಇದೆ ನೋಡಿ. ಜೊತೆಗಿರೋದನ್ನು ನೀವು ಮಾಡಿದಿರಿ, ಒಪ್ಪಿಗೆಯಿಲ್ಲ ಅನ್ನೋದನ್ನು ಬಿಟ್ಟಿರಿ.

ತುಮಕೂರು_ಲೋಕಲ್:

ನಾನು ಡೆವಲಪರ್ ಕಡೆಯವನು, ಟೀಮ್ ಲೀಡ್. ದಿನಾ ತುಮಕೂರಿನಿಂದ ರೈಲಿನಲ್ಲಿ ಓಡಾಡುತ್ತೇನೆ. ಮೇಲಿನ ಅಣ್ಣ ಹೇಳಿದ್ದರಲ್ಲಿ ಒಂದಕ್ಕೆ ನನ್ನ ತಕರಾರಿದೆ. ಟೀಮನ್ನು ಜಾಗಕ್ಕೆ ಕರೆದುಕೊಂಡು ಹೋಗೋದು ಒಳ್ಳೆಯದೇ. ಆದರೆ "ನಾನು ರೈತರ ಮಗಳು, ನನಗೆ ಗೊತ್ತು" ಅನ್ನುವ ದನಿಯಲ್ಲಿ ಕರೆದರೆ ನಮ್ಮ ಬಾಯಿ ಮುಚ್ಚಿಹೋಗುತ್ತದೆ. ಆಮೇಲೆ ನೀವು ತಪ್ಪಿದಾಗ ತಿದ್ದೋಕೆ ಯಾರೂ ಇರಲ್ಲ.

ಮೀಟಿಂಗಿನಲ್ಲಿ ಮಾತು ಬರದಿದ್ದರೆ ಒಂದು ದಾರಿ ಇದೆ. ಗ್ಯಾರಿ ಕ್ಲೈನ್ ಅನ್ನುವ ಮನಶ್ಶಾಸ್ತ್ರಜ್ಞರು 2007ರಲ್ಲಿ ಇದರ ಬಗ್ಗೆ ಬರೆದಿದ್ದಾರೆ, ಪ್ರೀ-ಮಾರ್ಟಮ್ ಅನ್ನುತ್ತಾರೆ. ಕೆಲಸ ಶುರುವಾಗುವ ಮೊದಲೇ "ಇದು ಪೂರ್ತಿ ಸೋತಿದೆ ಅಂದುಕೊಳ್ಳಿ, ಯಾಕೆ ಸೋತಿತು?" ಅಂತ ಕೇಳೋದು. ಎಲ್ಲರೂ ಮೊದಲು ಮಾತಾಡದೆ ಬರೆಯುತ್ತಾರೆ, ಆಮೇಲೆ ಒಬ್ಬೊಬ್ಬರಾಗಿ ಓದುತ್ತಾರೆ. ನಮ್ಮಲ್ಲಿ ಎರಡು ವರ್ಷದಿಂದ ಮಾಡುತ್ತಿದ್ದೇವೆ. ಟೆಸ್ಟಿಂಗಿನ ಒಬ್ಬ ಹುಡುಗಿ ಯಾವತ್ತೂ ಬಾಯಿ ಬಿಡುತ್ತಿರಲಿಲ್ಲ, ಅವಳ ಚೀಟಿಯಿಂದಲೇ ಒಂದು ದೊಡ್ಡ ರಿಲೀಸ್ ನಿಲ್ಲಿಸಿದೆವು. ಅವತ್ತು ನಿಮ್ಮ ಮೀಟಿಂಗಿನಲ್ಲಿ ಇದು ನಡೆದಿದ್ದರೆ ನಿಮ್ಮ ಚೀಟಿಯಲ್ಲಿ "ಜ್ವರ" ಅಂತ ಇರುತ್ತಿತ್ತು ಅಲ್ವಾ?

ಗೌರಿಬಿದನೂರು_ಅಕ್ಕ:

ಒಂದೇ ಪ್ರಶ್ನೆ ಕಣಮ್ಮ. ನಿನಗೆ ಮೊದಲೇ ಗೊತ್ತಿತ್ತು ಅನ್ನೋದನ್ನು ಟೀಮಿಗೆ ಹೇಳಿದ್ದೀಯಾ? ಮೊದಲು ಆ ಸೀನಿಯರ್ ಹತ್ತಿರ ಒಬ್ಬಳೇ ಹೋಗಿ ಹೇಳು. ನೋಟ್‌ಬುಕ್ಕು ಚೀಟಿ ಎಲ್ಲ ಆಮೇಲೆ.

ಹುಳದಮನೆ_ಹುಡುಗಿ:

ಅಕ್ಕಾ, ಹೇಳಿರಲಿಲ್ಲ. ನೀವು ಕೇಳಿದ ಮೇಲೆ ಎರಡು ದಿನ ಅದೇ ಯೋಚನೆ.

ಸೋಮವಾರ ಊಟದ ಹೊತ್ತಿನಲ್ಲಿ ಅವರ ಹತ್ತಿರ ಹೋಗಿ ಹೇಳಿದೆ. "ಸರ್, ಜ್ವರದ ವಿಷಯ ನನಗೆ ಗೊತ್ತಿತ್ತು. ನಾನು ಹೇಳಬೇಕಿತ್ತು, ಹೇಳಲಿಲ್ಲ. ತಪ್ಪು ನಂದು." ಬೈಯುತ್ತಾರೆ ಅಂದುಕೊಂಡಿದ್ದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹುಳ ಜ್ವರಕ್ಕೆ ಹೋಯಿತು ಅಂತ ಹೇಗೆ ಗೊತ್ತಾಗುತ್ತದೆ?" ಅಂತ ಕೇಳಿದರು. ತಿನ್ನೋದು ನಿಲ್ಲಿಸಿ ತಲೆ ಎತ್ತಿ ಅಲುಗಾಡದೆ ಇರುತ್ತದೆ ಅಂದೆ. ಹಾಗಿದ್ದರೆ ರೈತರೇ ಒಂದು ಬಟನ್ ಒತ್ತಿ ನೆನಪಿಸುವ ಮೆಸೇಜ್ ನಿಲ್ಲಿಸಬಹುದು, ಎದ್ದ ಮೇಲೆ ಮತ್ತೆ ಒತ್ತಬಹುದು ಅಂದರು. ನನಗೆ ಅದು ಹೊಳೆದೇ ಇರಲಿಲ್ಲ! ಅದನ್ನೇ ಬರೆದು, ಕೆಳಗೆ ನನ್ನ ಹೆಸರು ಹಾಕಿ ಟೀಮಿಗೆಲ್ಲ ಕಳಿಸಿದ್ದೇನೆ.

ಗುರುವಾರ ಅಮ್ಮ ಚಾಕಿ ಸೆಂಟರಿನಿಂದ (ಮರಿಹುಳ ಸಾಕಿ ರೈತರಿಗೆ ಕೊಡುವ ಜಾಗ) ಎರಡನೇ ಜ್ವರ ಎದ್ದ ಹುಳ ತಂದಿದ್ದಾರೆ. ಭಾನುವಾರದ ಹೊತ್ತಿಗೆ ಮೂರನೇ ಜ್ವರಕ್ಕೆ ಕೂರುತ್ತವೆ. ಆ ಸೀನಿಯರ್ ಮತ್ತು ಟೀಮಿನ ಇನ್ನಿಬ್ಬರು ನೋಡೋಕೆ ಬರುತ್ತಿದ್ದಾರೆ. ಚಪ್ಪಲಿ ಹೊರಗೆ ಬಿಟ್ಟು, ಕೈಕಾಲು ತೊಳೆದೇ ಒಳಗೆ ಬರಬೇಕು ಅಂತ ಈಗಲೇ ಹೇಳಿಬಿಟ್ಟಿದ್ದೇನೆ.