20 ಮಂದಿ ಪಾಟ್‌ಲಕ್ ಊಟ, ಯಾರ್ ಏನ್ ತರಬೇಕಂತ ಹೆಂಗ್ ಹಂಚೂದ್ರಿ?

ನವನಗರದಾಕಿ (ಬಾಗಲಕೋಟಿ):
ಎಲ್ಲಾರಿಗೂ ನಮಸ್ಕಾರ್ರಿ. ನಮ್ಮ ಕಾಲೇಜ್ ಗೆಳತ್ಯಾರು, ಅವರ ಮನಿಯವ್ರು, ಹುಡುಗ್ರು ಎಲ್ಲಾ ಕೂಡಿ ಸುಮಾರು 20 ಮಂದಿ ಬರೂ ಐತವಾರ ನಮ್ಮ ಮನ್ಯಾಗ ಪಾಟ್‌ಲಕ್, ಅಂದ್ರ ಒಬ್ಬೊಬ್ರು ಒಂದೊಂದ್ ಅಡಗಿ ತಂದು ಕೂಡಿ ಉಣ್ಣೂದು, ಮಾಡೂಣು ಅಂತ ಠರಾಯ್ಸೀವಿ. ಗ್ರೂಪಿನ್ಯಾಗ "ಏನ್ ಬೇಕಾದ್ರೂ ತರ್ರಿ" ಅಂತ ಹಾಕಿದ್ದಕ್ಕ ಈಗ ನಾಕ್ ಮಂದಿ ಪಲಾವ್ ಅಂದಾರ, ಪಲ್ಲೆ ಅಂದವರು ಒಬ್ರೂ ಇಲ್ಲ. ಒಬ್ಬಾಕಿ ಪಿಜಿದಾಗ ಇರ್ತಾಳ, ಗ್ಯಾಸ್ ಇಲ್ಲ ಏನಿಲ್ಲ, ಅಕಿಗೆ ಸಂಕೋಚ ಆಗಬಾರ್ದು. ಬಿಸಲೂ ಭಾಳ ಐತಿ ಈಗ. ಮಾಡಿದವ್ರು ಇದ್ರ ಹೇಳ್ರಿ.

ವಿಜಾಪುರದ ಕಾಕು:
ಮೊದಲ್ ಆ ಮೆಸೇಜ್ ತಗೀರಿ ಯವ್ವಾ. ಏನ್ ಬೇಕಾದ್ರೂ ತರ್ರಿ ಅಂದ್ರ ಯಾವ್ದು ಸುಲಭ ಅದನ್ನ ಎಲ್ಲಾರೂ ಹಿಡಕೊಂತಾರ. ಪಾಳಿ ಹಚ್ರಿ: ಇಬ್ರು ಕಾಯಿಪಲ್ಲೆ, ಒಬ್ರು ಕಾಳ್ ಪಲ್ಲೆ, ಒಬ್ರು ಸಾರು, ಇಬ್ರು ಸಿಹಿ, ಒಬ್ರು ಚಟ್ನಿ ಮೊಸರು ಸೌತಿಕಾಯಿ ಹಸಿ ಮೆಂತೆ. ಆದ್ರ ಯಾವ ಪಲ್ಲೆ ಅನ್ನೂದು ಮಾತ್ರ ಮಾಡವ್ರಿಗೆ ಬಿಡ್ರಿ, ಒಬ್ಬೊಬ್ರ ಕೈಯಾಗ ಒಂದೊಂದ್ ಅಡಗಿ ಛಲೋ ಬರ್ತೈತಿ, ಎಣ್ಣಗಾಯಿ ಭಾರಿ ಮಾಡಾಕಿಗೆ ಪನೀರ್ ಮಾಡ್ಕೊಂಡ್ ಬಾ ಅಂದ್ರ ಅಕಿಗೂ ನೆಟ್ಟಗಿಲ್ಲ ತಿನ್ನವ್ರಿಗೂ ನೆಟ್ಟಗಿಲ್ಲ.

ರೊಟ್ಟಿ ಅನ್ನ ಎರಡೂ ಕರದವರದ, ಅಂದ್ರ ನಿಮ್ದು. ಬಿಸಿ ರೊಟ್ಟಿ ಬಡ್ಯಾಕ ಮಾತ್ರ ಕುಂದ್ರಬ್ಯಾಡ್ರಿ, ಕುಂತ್ರಿ ಅಂದ್ರ ಬಂದವರ ಮಾರಿ ನೋಡೂದೂ ಆಗೂದಿಲ್ಲ. ರೊಟ್ಟಿ ಕೇಂದ್ರದಾಗ ಹಿಂದಿನ ದಿನ ಹೇಳಿ ಖಡಕ್ ರೊಟ್ಟಿ ತರಸ್ರಿ, ಜೋಳದ್ದು ಸಜ್ಜಿದು ಕೂಡಿ 45 ಸಾಕು, ಉಳದ್ರೂ ಕೆಡೂದಿಲ್ಲ. ಅಕ್ಕಿ ಒಂದೂವರಿ ಕಿಲೋ ಭಾಳಾತು. ಇನ್ನೊಂದು, ಒಬ್ಬೊಬ್ರು 20 ಮಂದಿಗೆ ಆಗೂವಷ್ಟು ಮಾಡ್ಕೊಂಡ್ ಬರೂದು ಬ್ಯಾಡ, 10 ಮಂದಿ ಲೆಕ್ಕಕ್ಕ ತಂದ್ರ ಸಾಕು ಅಂತ ಬರೀರಿ, ಎಂಟ್ ತರದ್ದು ಇದ್ದಾಗ ಯಾರೂ ಒಂದ್ ಚಮಚಾಕಿಂತ ಹೆಚ್ಚು ಹಾಕ್ಕೊಳೂದಿಲ್ಲ, ರೊಕ್ಕಾನೂ ಉಳಿತೈತಿ.

ಪುಂಡಿಪಲ್ಲೆ ತರೂರಿದ್ರ ಸ್ಟೀಲ್ ಡಬ್ಬ್ಯಾಗ ತರಾಕ ಹೇಳ್ರಿ, ಅಲ್ಯುಮಿನಿಯಮ್ ಬೋಗಾಣಿ ಬ್ಯಾಡ, ಹುಳಿ ಅದು.

ನಮಗೇನ್ ಇದು ಹೊಸಾದಲ್ಲ. ಎಳ್ಳ ಅಮಾಸಿಗೆ ಚರಗಾ ಚಲ್ಲಾಕ, ಅಂದ್ರ ಬೆಳಿಗೆ ಎಡಿ ಹಾಕಾಕ, ಹೊಲಕ್ಕ ಹೋದಾಗ ಬಾಜೂ ಹೊಲದವರನ್ನೂ ಕರದು ಕುಂದ್ರಸ್ಕೊಂಡು ಬುತ್ತಿ ಬಿಚ್ಚತಿದ್ವಿ, ಅವರ ಬದ್ನಿಕಾಯಿ ನಮ್ಮ ಗಂಗಾಳಕ್ಕ ನಮ್ಮ ಶೇಂಗಾ ಹೋಳಗಿ ಅವರ ಗಂಗಾಳಕ್ಕ. ಹಂಚ್ಕೊಂಡು ಉಂಡ್ರ ಎರಡ್ ರೊಟ್ಟಿ ಹೆಚ್ಚ ಹೋಗ್ತಾವ ನೋಡ್ರಿ.

ಶಹಾಪೂರ ಹುಡುಗ (ಬೆಳಗಾವಿ):
ಕಾಕು ಹೇಳಿದ್ದು ಬರೋಬ್ಬರಿ ಐತಿ. ಪಿಜಿ ಗೆಳತಿ ಬಗ್ಗೆ ನಾ ಹೇಳ್ತೀನಿ, ನಾನೂ ರೂಮ್ ಮಾಡ್ಕೊಂಡು ಇರಾಂವ. "ನೀ ಏನೂ ತರಬ್ಯಾಡ, ಸುಮ್ನ ಬಾ" ಅಂತ ದಯವಿಟ್ಟು ಅನಬ್ಯಾಡ್ರಿ, ಪ್ರೀತೀಲೆ ಅಂದ್ರೂ ಅದು ಮನಸಿಗೆ ಹತ್ತತೈತಿ. ಖರೇನ ಬೇಕಾಗೂ ಕೆಲಸಾ ಕೊಡ್ರಿ. ಬರ್ಫ್, ನೀರಿನ ಕ್ಯಾನ್, ಪತ್ರಾವಳಿ, ನಿಂಬಿಹಣ್ಣು, ಇವು ಎಲ್ಲಾರೂ ಊಟಕ್ಕ ಕುಂತ ಮ್ಯಾಲ ನೆನಪಾಗೂ ಸಾಮಾನು. ಪಟ್ಟಿದಾಗ ಅಕಿ ಹೆಸರು ಪಲ್ಲೆ ಮಾಡವರ ಸಾಲಿನ್ಯಾಗ ಬರೀರಿ, ಕೆಳಗ ಬ್ಯಾರೆ ಬರಿಬ್ಯಾಡ್ರಿ. ಇಲ್ಲಾ ಗಿರ್ಮಿಟ್ ಜಿಮ್ಮಾ ಕೊಡ್ರಿ, ಚುನಮರಿ (ಮಂಡಕ್ಕಿ) ಪುಠಾಣಿ ಹಿಟ್ಟು ಅಕಿ ತರ್ಲಿ, ಗೊಜ್ಜು ನಿಮ್ಮ ಮನ್ಯಾಗ ಒಗ್ಗರಣಿ ಹಾಕ್ರಿ, ತಿನ್ನೂ ಹೊತ್ತಿಗೆ ಅಕೀನ ಕಲಸ್ಲಿ. ಮೊದಲ ಕಲಸಿಟ್ರ ಹತ್ತ್ ನಿಮಿಷದಾಗ ಮೆತ್ತಗಾಗಿ ಬಿಡ್ತೈತಿ.

ಮಿರ್ಚಿ ಭಜಿ ಮಾಡೂಣು ಅಂತ ಯಾರರೆ ಎದ್ದೇ ಏಳ್ತಾರ. ಒಪ್ಪಬ್ಯಾಡ್ರಿ, ಆರಿದ ಭಜಿ ತಿನ್ನಾಕ ಬರೂದಿಲ್ಲ, ಬಿಸಿ ಕೊಡಬೇಕಂದ್ರ ಒಬ್ರು ಊಟ ಮುಗಿಯೂತನ ಬಾಣಲಿ ಮುಂದ ನಿಂದರಬೇಕು.

ದವಾಖಾನಿ ಸಿಸ್ಟರ್ (ಜಮಖಂಡಿ):
ನಾಕ್ ಪಲಾವ್ ಅಂತ ಓದಿ ಬರ್ಯಾಕತ್ತೀನ್ರಿ, ಒಂದ ಸಾಕು, ಅದೂ ನಿಮ್ಮ ಮನ್ಯಾಗ ಊಟದ ಹೊತ್ತಿಗೆ ಇಳಸ್ರಿ. ಮುಂಜಾನೆ ಎಂಟಕ್ಕ ಮಾಡಿದ ಅನ್ನ ಡಬ್ಬ್ಯಾಗ ತುಂಬಿ ಗಾಡ್ಯಾಗ ಇಟ್ಕೊಂಡು ಬಂದು ಮಧ್ಯಾಹ್ನ ಎರಡಕ್ಕ ಉಣ್ಣೂದು ಈ ಬಿಸಲಾಗ ಬ್ಯಾಡವ ಬ್ಯಾಡ. ಅಕ್ಕ್ಯಾಗ ಬ್ಯಾಸಿಲಸ್ ಸೀರಿಯಸ್ ಅನ್ನೂ ಬ್ಯಾಕ್ಟೀರಿಯಾದ ಬೀಜಕ ಇರ್ತಾವ, ಕುದಿಸಿದ್ರೂ ಸಾಯೂದಿಲ್ಲ, ಅನ್ನ ಉಗುರು ಬೆಚ್ಚಗ ಇದ್ದಷ್ಟೂ ಬೆಳದು ವಿಷ ಮಾಡ್ತಾವ, ಆ ವಿಷ ತಿರುಗಿ ಬಿಸಿ ಮಾಡಿದ್ರ ಹೋಗೂದಿಲ್ಲ, ವಾಂತಿ ಹಿಡಿತೈತಿ. ಮಾಡಿದ ಅಡಗಿ 2 ತಾಸಿಗಿಂತ ಹೆಚ್ಚು ಹೊರಗ ಇಡಬಾರ್ದು, ಹೊರಗ 32 ಡಿಗ್ರಿ ದಾಟಿದ್ರ 1 ತಾಸು ಅಷ್ಟ. 60 ಡಿಗ್ರಿ ಮ್ಯಾಲ ಬಿಸಿ ಇರಬೇಕು ಇಲ್ಲಾ 5 ಡಿಗ್ರಿ ಕೆಳಗ ತಣ್ಣಗ ಇರಬೇಕು. ಸಾರು ಪಲ್ಲೆ ಬಂದ ಕೂಡ್ಲೆ ಕುದಿಸಿ ಹಾಟ್‌ಬಾಕ್ಸಿಗೆ ಹಾಕ್ರಿ. ಮೊಸರು ಫ್ರಿಜ್ಜಿನ್ಯಾಗ ಇರ್ಲಿ, ಮೊಸರನ್ನ ಬೇಕಾದವ್ರು ತಾಟಿನ್ಯಾಗ ಕಲಸ್ಕೊಳ್ಲಿ.

ಶೇಂಗಾ ಒಗ್ಗದವ್ರು ಯಾರರೆ ಅದಾರೇನು, ಹುಡುಗ್ರ ಬಗ್ಗೆ ಖಾಸ್ ಕೇಳ್ರಿ. ನಮ್ಮ ಕಡಿ ಎಣ್ಣಗಾಯಿ, ಚಟ್ನಿ, ಹೋಳಗಿ ಎಲ್ಲಾದ್ರಾಗೂ ಶೇಂಗಾ ಇರ್ತೈತಿ, ಕೇಳಲಿಲ್ಲಂದ್ರ ಗೊತ್ತಾಗೂದಿಲ್ಲ.

ನವನಗರದಾಕಿ (ಬಾಗಲಕೋಟಿ):
ಭಾಳ ಉಪಕಾರ ಆತ್ರಿ ಎಲ್ಲಾರಿಂದ, ಈಗ ಪಾಳಿ ಹಾಕೀನಿ, ಪಲಾವ್ ಅಂದವ್ರ ಪೈಕಿ ಇಬ್ರು ಪಲ್ಲೆಕ್ಕ ಬಂದಾರ. ಇನ್ನೊಂದು ಕೇಳೂದೈತಿ, ಒಬ್ಬಾಕಿ ಬೆಳಗಾವಿಯಿಂದ ಬರ್ತಾಳ, ಜೈನರು. ಉಳ್ಳಾಗಡ್ಡಿ ಬಳ್ಳೊಳ್ಳಿ ತಿನ್ನೂದಿಲ್ಲ ಅನ್ನೂದು ಗೊತ್ತೈತಿ. ಅಷ್ಟ ಸಾಕೇನ್ರಿ?

ಟಿಳಕವಾಡಿ ಅಕ್ಕ:
ಸಾಕಾಗೂದಿಲ್ಲ ತಂಗಿ. ಬಟಾಟಿ, ಗಜ್ಜರಿ, ಮೂಲಂಗಿ, ಬೀಟ್‌ರೂಟ್ ನೆಲದೊಳಗ ಬೆಳ್ಯೂ ಗಡ್ಡಿ ಯಾವೂ ನಡ್ಯೂದಿಲ್ಲ, ಬದ್ನಿಕಾಯಿನೂ ಭಾಳ ಮಂದಿ ತಿನ್ನೂದಿಲ್ಲ. ಮನಿಮನಿಗೆ ಬ್ಯಾರೆ ಇರ್ತೈತಿ, ಅದಕ್ಕ ಅಕಿಗೇ ಫೋನ್ ಹಚ್ಚಿ ಕೇಳು, ಕೇಳಿದ್ರ ಯಾರಿಗೂ ಸಿಟ್ಟು ಬರೂದಿಲ್ಲ, ಖುಷಿನ ಆಗ್ತೈತಿ. ಬೆಂಡಿಕಾಯಿ, ಹೀರಿಕಾಯಿ, ಹೆಸರಬ್ಯಾಳಿ ಕೋಸಂಬ್ರಿ ಮಾಡಿ ಬ್ಯಾರೆ ಟೇಬಲ್ಲಿಗೆ ಇಡು, ಅದಕ್ಕ ಬ್ಯಾರೆ ಚಮಚ ಹಾಕು, ಇಲ್ಲಾಂದ್ರ ಒಂದ ಸವುಟು ಎಲ್ಲಾ ಡಬ್ಬ್ಯಾಗೂ ತಿರಗ್ತೈತಿ. ಪಲಾವಿನ ಬದ್ಲಿ ಬಿಳಿ ಅನ್ನ ಇರ್ಲಿ. ಸಂಜೀಕ ಗಿರ್ಮಿಟ್ ಇಟ್ಟೀರಿ ಅಂದ್ರ ಹೊತ್ತು ಮುಳಗೂದ್ರಾಗ ಕೊಟ್ಟ ಬಿಡು, ಕತ್ತಲಾದ ಮ್ಯಾಲ ಭಾಳ ಮಂದಿ ಬಾಯಾಗ ಏನೂ ಹಾಕೂದಿಲ್ಲ, ಅಕಿ ಪಾಲಿಂದಕ್ಕ ಉಳ್ಳಾಗಡ್ಡಿ ಇಲ್ಲದ್ದ ಗೊಜ್ಜು ಮೊದಲ ತಗದಿಡು.

ಮತ್ತ ಅಕಿ ಏನ್ ತರ್ಲಿ ಅಂತ ಕೇಳಿದ್ರ ಕುಂದಾ ಅನ್ನು. ಹಾಲು ಖೋವಾ ಸಕ್ಕರಿ ಅಷ್ಟ ಇರ್ತೈತಿ, ಅಕಿನೂ ತಿಂತಾಳ ಎಲ್ಲಾರೂ ತಿಂತೀರಿ, ದಾರ್ಯಾಗ ಕೆಡೂದೂ ಇಲ್ಲ. 20 ಮಂದಿಗೆ ಒಂದ್ ಕಿಲೋ ಬೇಕ ಬೇಕು, ಅರ್ಧಾ ಕಿಲೋ ಹುಡುಗ್ರ ಮುಗಸ್ತಾರ.