ಕಾವಿ ನೆಲದ ಮನೆಗೆ ‘ಅಗ್ರೀಯಬಲ್ ಗ್ರೇ’ಯೋ, ‘ಆಕ್ಸೆಸಿಬಲ್ ಬೇಜ್’ ಆದೀತೋ?

ಪ್ರಶ್ನೆ: ನಮಸ್ಕಾರ ಸರ್. ಬದಿಯಡ್ಕ ಸಮೀಪದ ನಮ್ಮ ಹಳೆಯ ಕೆಂಪುಕಲ್ಲಿನ ಮನೆಯ ಒಳಗೋಡೆಗಳಿಗೆ ಈ ಬಾರಿ ಸುಣ್ಣದ ಬಿಳಿ ಬೇಡವೆಂದು ನಿಶ್ಚಯಿಸಿದ್ದೇವೆ. ಅಮೆರಿಕದಲ್ಲಿರುವ ಮಗಳು ಅಲ್ಲಿನ ಶೆರ್ವಿನ್ ವಿಲಿಯಮ್ಸ್ ಕಂಪೆನಿಯ ‘ಅಗ್ರೀಯಬಲ್ ಗ್ರೇ’ ಮತ್ತು ‘ಆಕ್ಸೆಸಿಬಲ್ ಬೇಜ್’ ಎಂಬ ಎರಡು ಬಣ್ಣಗಳನ್ನು ಸೂಚಿಸಿದ್ದಾಳೆ. ಮೊಬೈಲಿನಲ್ಲಿ ಎರಡೂ ಒಂದೇ ರೀತಿ ಕಾಣುತ್ತವೆ. ಚಾವಡಿಯಲ್ಲಿ ಕಾವಿ ನೆಲವಿದೆ. ಉತ್ತರ ಬದಿಯ ಮಲಗುವ ಕೋಣೆಯ ಕಿಟಕಿಗೆ ತಾಗಿದಂತೆಯೇ ಅಡಿಕೆ ತೋಟ. ಯಾವುದನ್ನು ಆರಿಸುವುದು?

ಉತ್ತರ: ನಮಸ್ಕಾರ ಅಮ್ಮ. ಬಣ್ಣವೊಂದು ಎಷ್ಟು ಬೆಳಕನ್ನು ಹಿಂದಿರುಗಿಸುತ್ತದೆ ಎಂಬುದನ್ನು ಕಪ್ಪಿಗೆ 0, ಬಿಳಿಗೆ 100 ಎಂದಿಟ್ಟುಕೊಂಡು ಅಳೆಯುತ್ತಾರೆ. ಆ ಲೆಕ್ಕದಲ್ಲಿ ಮೊದಲನೆಯದು 60, ಎರಡನೆಯದು 58. ಆದ್ದರಿಂದ ಮೊಬೈಲಿನಲ್ಲಿ ಅವು ಒಂದೇ ಎನಿಸಿದ್ದು ಸಹಜ. ವ್ಯತ್ಯಾಸವಿರುವುದು ಒಳಛಾಯೆಯಲ್ಲಿ: ಒಂದು ಬೂದಿಯ ಕಡೆಗೆ ವಾಲುತ್ತದೆ, ಇನ್ನೊಂದು ಮರಳಿನ ಕಡೆಗೆ.

ನಿಮ್ಮಲ್ಲಿ ನಿರ್ಣಾಯಕವಾಗುವುದು ನೆಲ. ಹಗಲಿನ ಬಿಸಿಲು ಕಾವಿಯ ಮೇಲೆ ಬಿದ್ದು ಗೋಡೆಗೆ ಮರಳುವಾಗ ಕೆಂಪನ್ನು ಹೊತ್ತೇ ಬರುವುದರಿಂದ, ಚಾವಡಿಯಲ್ಲಿ ಬೇಜ್ ಹಚ್ಚಿದರೆ ಗೋಡೆಯ ಕೆಳಭಾಗ ಪೀಚ್ ಬಣ್ಣಕ್ಕೆ ತಿರುಗುವ ಸಂಭವ ಹೆಚ್ಚು. ಬೂದಿ ಬೆರೆತದ್ದಾದರೆ ಅದೇ ಕೆಂಪನ್ನು ಹೀರಿ ಹದವಾಗಿ ಬೆಚ್ಚಗೆ ಕಾಣುತ್ತದೆ. ಮಲಗುವ ಕೋಣೆಯದು ಇದಕ್ಕೆ ವಿರುದ್ಧ. ತೋಟದ ಹಸಿರನ್ನು ದಾಟಿ ಬರುವ ಉತ್ತರದ ಬೆಳಕಿನಲ್ಲಿ, ಅದರಲ್ಲೂ ಆಷಾಢದ ಮೋಡದಲ್ಲಿ, ಗ್ರೇ ಮಂಕಾಗುತ್ತದೆ. ಅಲ್ಲಿಗೆ ಬೇಜ್ ಇರಲಿ.

ಪ್ರಶ್ನೆ: ಒಂದೇ ಮನೆಯಲ್ಲಿ ಎರಡು ಬಣ್ಣಗಳಾದರೆ ಹೊಂದಿಕೆಯಾದೀತೇ? ಕಾಸರಗೋಡಿನ ಅಂಗಡಿಯಲ್ಲಿ ಇವನ್ನೇ ಬೆರೆಸಿಕೊಟ್ಟಾರೇ?

ಉತ್ತರ: ಬಾಗಿಲ ಚೌಕಟ್ಟು ಮತ್ತು ಮೇಲ್ಛಾವಣಿಗೆ ಎರಡೂ ಕಡೆ ಒಂದೇ ಮಾಸಲು ಬಿಳಿ ಕೊಟ್ಟರೆ ಹೊಂದುತ್ತದೆ. ಬೇರೆ ಕಂಪೆನಿಯ ಬೇಸಿನಲ್ಲಿ, ಅಂದರೆ ಬಣ್ಣ ಬೆರೆಸುವ ಮೂಲ ಪೇಂಟಿನಲ್ಲಿ, ಅಂಗಡಿಯ ಯಂತ್ರವು ಹತ್ತಿರದ ಶೇಡನ್ನು ಕೊಡಬಲ್ಲದೇ ಹೊರತು ಪಡಿಯಚ್ಚನ್ನಲ್ಲ. ಹಾಗಾಗಿ ಅಮೆರಿಕದ ಹೆಸರಿಗೆ ಜೋತುಬೀಳದೆ ಶೇಡ್ ಕಾರ್ಡಿನಿಂದಲೇ ಆರಿಸಿರಿ. ಸಣ್ಣ ಡಬ್ಬಿ ತರಿಸಿ, ಎರಡಡಿ ಚೌಕದ ಹಲಗೆಗೆ ಪ್ರೈಮರ್ ಬಳಿದು ಎರಡು ಕೋಟ್ ಹಚ್ಚಿ, ನೆಲಕ್ಕೆ ತಾಗಿಸಿ ಒಮ್ಮೆ, ಕಿಟಕಿಯ ಪಕ್ಕ ಒಮ್ಮೆ ನಿಲ್ಲಿಸಿ ನೋಡಿರಿ. ರಾತ್ರಿಯೂ ನೋಡಬೇಕು: 6500 ಕೆಲ್ವಿನ್‌ನ ಬಿಳಿ ಎಲ್‌ಇಡಿ ಇದ್ದರೆ ಬೇಜ್ ಕೂಡ ನಿರ್ಜೀವವಾಗುತ್ತದೆ, ಹಳದಿ ಛಾಯೆಯ 3000 ಕೆಲ್ವಿನ್‌ನದನ್ನು ಹಾಕಿಸಿದರೆ ಉತ್ತಮ. ಬಣ್ಣ ಬಳಿಯುವುದು ಮಾತ್ರ ಮಳೆಗಾಲ ಮುಗಿದು ಕೆಂಪುಕಲ್ಲಿನ ಪಸೆ ಆರಿದ ಮೇಲೆಯೇ ಆಗಬೇಕು. ಇಲ್ಲವಾದರೆ ಯಾವ ಶೇಡಾದರೂ ಪುಟ್ಟಿಯೊಂದಿಗೆ ಎದ್ದುಬರುತ್ತದೆ.