ಕೆಎಎಸ್ ಪೂರ್ವಭಾವಿ ಪರೀಕ್ಷೆಗೆ ಫ್ಲ್ಯಾಶ್‌ಕಾರ್ಡ್: ತಿರುವುವಾಗ ಗೊತ್ತು, ಪರೀಕ್ಷೆಯಲ್ಲಿ ತಡವರಿಕೆ

ಪ್ರಶ್ನೆ:
ಕೆಲಸದ ಜೊತೆಗೆ ಕೆಎಎಸ್ ಪೂರ್ವಭಾವಿ ಪರೀಕ್ಷೆಗೆ ಓದುತ್ತಿರುವ ನಾನು ಕರ್ನಾಟಕದ ಇತಿಹಾಸ ಮತ್ತು ಸಂವಿಧಾನ ಎರಡಕ್ಕೂ ಫ್ಲ್ಯಾಶ್‌ಕಾರ್ಡ್ ಮಾಡಿಕೊಂಡಿದ್ದೇನೆ. ಮುಂಬದಿಯಲ್ಲಿ ‘ಐಹೊಳೆ ಶಾಸನ’ ಎಂದಷ್ಟೇ ಇರುತ್ತದೆ. ಹಿಂಬದಿಯಲ್ಲಿ ಕಾಲ, ಕವಿ, ಅರಸ, ಭಾಷೆ, ಮಹತ್ವ ಎಲ್ಲವೂ ಇರುತ್ತವೆ. ತಿರುವಿ ಹಾಕುವಾಗ ಎಲ್ಲವೂ ತಿಳಿದಂತೆಯೇ ಇರುತ್ತದೆ, ಆದರೆ ಮಾದರಿ ಪ್ರಶ್ನೆಪತ್ರಿಕೆಯಲ್ಲಿ ಐಹೊಳೆ ಶಾಸನಕ್ಕೂ ತಾಳಗುಂದ ಶಾಸನಕ್ಕೂ ಕಲಸುಮೇಲೋಗರವಾಗುತ್ತದೆ. ಕಾರ್ಡುಗಳನ್ನು ಹೇಗೆ ಬರೆಯಬೇಕು, ಎಷ್ಟು ದಿನಕ್ಕೊಮ್ಮೆ ನೋಡಬೇಕು?

ಉತ್ತರ 1:
ನಿಮ್ಮ ಕಾರ್ಡು ಏನನ್ನೂ ಕೇಳುತ್ತಿಲ್ಲ, ಅದೇ ತೊಂದರೆ. ಅದು ಚಿಕ್ಕ ಹಾಳೆಗೆ ಇಳಿಸಿದ ನೋಟ್ಸ್ ಅಷ್ಟೆ. ‘ಐಹೊಳೆ ಶಾಸನವನ್ನು ರಚಿಸಿದ ಕವಿ ಯಾರು?’ ಎಂಬುದಕ್ಕೆ ರವಿಕೀರ್ತಿ, ‘ಅದು ಯಾವ ಅರಸನನ್ನು ಹೊಗಳುತ್ತದೆ?’ ಎಂಬುದಕ್ಕೆ ಇಮ್ಮಡಿ ಪುಲಿಕೇಶಿ, ‘ಅದು ಯಾವ ಕಟ್ಟಡದಲ್ಲಿದೆ?’ ಎಂಬುದಕ್ಕೆ ಮೇಗುತಿ ಜಿನಾಲಯ, ಕಾಲಕ್ಕೆ ಕ್ರಿ.ಶ. 634, ಹೀಗೆ ಒಂದು ಕಾರ್ಡಿಗೆ ಒಂದೇ ಉತ್ತರವಿರಲಿ. ಐದು ಸಂಗತಿಗಳಲ್ಲಿ ಮೂರು ನೆನಪಾದರೆ ಆ ಕಾರ್ಡು ಬಂತೋ ಬರಲಿಲ್ಲವೋ ಎಂದು ನೀವೇ ತೀರ್ಮಾನಿಸಲಾರಿರಿ, ಬಹುತೇಕರು ‘ಬಂತು’ ಎಂದುಕೊಂಡು ಮುಂದೆ ಹೋಗುತ್ತಾರೆ.

ತಿರುವುವ ಮುನ್ನ ಉತ್ತರವನ್ನು ಬಾಯಿಬಿಟ್ಟು ಹೇಳಿ, ಇಲ್ಲವೇ ಚೀಟಿಯ ಮೇಲೆ ಬರೆಯಿರಿ. ಕಂಡದ್ದನ್ನು ಗುರುತಿಸುವುದು ಬೇರೆ, ಕಾಣದ್ದನ್ನು ನೆನಪಿನಿಂದ ಎಳೆದು ತರುವುದು ಬೇರೆ. ನೆನಪು ಗಟ್ಟಿಯಾಗುವುದು ಎರಡನೆಯದರಿಂದ. ಐಹೊಳೆ, ತಾಳಗುಂದದಂತಹ ಜೋಡಿಗಳಿಗೆ ವ್ಯತ್ಯಾಸವನ್ನೇ ಕೇಳುವ ಕಾರ್ಡು ಬೇಕು: ‘ಕದಂಬರ ವಂಶಕಥೆ ಹೇಳುವ, ಕುಬ್ಜ ಎಂಬ ಕವಿಯ ಶಾಸನ ಯಾವುದು?’ ಎಂದರೆ ತಾಳಗುಂದ.

ಉತ್ತರ 2:
ಅವಧಿಯ ವಿಚಾರ ಹೇಳುತ್ತೇನೆ. ಜರ್ಮನ್ ಭಾಷೆಯ ವಿಜ್ಞಾನ ಬರಹಗಾರ ಸೆಬಾಸ್ಟಿಯನ್ ಲೈಟ್ನರ್ 1970ರ ದಶಕದಲ್ಲಿ ಪ್ರಚಾರಕ್ಕೆ ತಂದ ಪೆಟ್ಟಿಗೆ ವಿಧಾನ ಇಂದಿಗೂ ಸಾಕಾಗುತ್ತದೆ. ಮೊದಲ ಪೆಟ್ಟಿಗೆಯನ್ನು ದಿನವೂ, ಎರಡನೆಯದನ್ನು ಮೂರು ದಿನಕ್ಕೊಮ್ಮೆ, ಮೂರನೆಯದನ್ನು ವಾರಕ್ಕೊಮ್ಮೆ ನೋಡಿ. ಸರಿಯಾದ ಕಾರ್ಡು ಮುಂದಿನ ಪೆಟ್ಟಿಗೆಗೆ, ತಪ್ಪಾದದ್ದು ಮತ್ತೆ ಮೊದಲನೆಯದಕ್ಕೆ. ಪೆಟ್ಟಿಗೆಗೆ ಹಳೆಯ ಮದುವೆ ಕರೆಯೋಲೆಯ ಲಕೋಟೆಗಳೂ ಆದೀತು.

ಮೊಬೈಲಿನಲ್ಲಾದರೆ ಈ ಲೆಕ್ಕವನ್ನು ಆಂಕಿ ಎಂಬ ಫ್ಲ್ಯಾಶ್‌ಕಾರ್ಡ್ ಆ್ಯಪ್ ತಾನೇ ನೋಡಿಕೊಳ್ಳುತ್ತದೆ. ಅದು ಆಂಡ್ರಾಯ್ಡಿನಲ್ಲಿಯೂ ಕಂಪ್ಯೂಟರಿನಲ್ಲಿಯೂ ಉಚಿತ, ಐಫೋನಿಗೆ ಮಾತ್ರ ಹಣ ಕೊಡಬೇಕು. ಒಂದು ಎಚ್ಚರಿಕೆ: ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪಿಸಿದ ನೋಟ್ಸನ್ನು ಹಾಗೆಯೇ ಅಂಟಿಸಿದರೆ ಅರ್ಥವಿಲ್ಲದ ಅಕ್ಷರಗಳಷ್ಟೇ ಕಾಣುತ್ತವೆ, ಮೊದಲು ಯೂನಿಕೋಡಿಗೆ ಪರಿವರ್ತಿಸಿಕೊಳ್ಳಿ. ಬೇರೆಯವರ ಸಿದ್ಧ ಕಾರ್ಡುಗಳನ್ನು ಇಳಿಸಿಕೊಳ್ಳುವುದನ್ನು ನಾನಂತೂ ಒಪ್ಪುವುದಿಲ್ಲ, ಪ್ರಶ್ನೆಯನ್ನು ರೂಪಿಸುವಾಗಲೇ ಅರ್ಧ ಓದು ಮುಗಿದಿರುತ್ತದೆ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದ. ಇತಿಹಾಸದ ದಾರಿ ಸ್ಪಷ್ಟವಾಯಿತು. ಆದರೆ ಸಂವಿಧಾನದ 352 (ರಾಷ್ಟ್ರೀಯ ತುರ್ತು ಪರಿಸ್ಥಿತಿ), 356 (ರಾಷ್ಟ್ರಪತಿ ಆಳ್ವಿಕೆ), 360ನೇ (ಹಣಕಾಸಿನ ತುರ್ತು ಪರಿಸ್ಥಿತಿ) ವಿಧಿಗಳಿಗೆ ‘352 ಎಂದರೇನು?’ ಎಂಬ ಕಾರ್ಡು ಸಾಕೇ?

ಉತ್ತರ 3:
ಸಾಲದು. ಸಂಖ್ಯೆಯಿಂದ ಹೆಸರಿಗೆ ಹೋಗುವ ಕಾರ್ಡಿನೊಂದಿಗೆ ಸಂದರ್ಭದಿಂದ ಸಂಖ್ಯೆಗೆ ಬರುವ ಕಾರ್ಡನ್ನೂ ಮಾಡಿ. ‘1975ರಲ್ಲಿ ಆಂತರಿಕ ಕ್ಷೋಭೆಯ ಕಾರಣ ನೀಡಿ ಬಳಸಿದ ವಿಧಿ?’ ಎಂದರೆ 352. ‘ಇದುವರೆಗೆ ಒಮ್ಮೆಯೂ ಘೋಷಣೆಯಾಗದ ತುರ್ತು ಪರಿಸ್ಥಿತಿ?’ ಎಂದರೆ 360. 356ಕ್ಕೆ ನಮ್ಮ ರಾಜ್ಯದ್ದೇ ಉದಾಹರಣೆಯಿದೆ: 1989ರಲ್ಲಿ ವಜಾಗೊಂಡ ಎಸ್. ಆರ್. ಬೊಮ್ಮಾಯಿ ಸರ್ಕಾರ, ಮತ್ತು ಅದರ ಹಿನ್ನೆಲೆಯಲ್ಲಿ ಬಹುಮತದ ಪರೀಕ್ಷೆ ಸದನದಲ್ಲಿಯೇ ಆಗಬೇಕೆಂದು ಸುಪ್ರೀಂ ಕೋರ್ಟ್ 1994ರಲ್ಲಿ ನೀಡಿದ ತೀರ್ಪು. ಸಂಸತ್ತಿನ ಒಪ್ಪಿಗೆಯ ಗಡುವು 352ಕ್ಕೆ ಒಂದು ತಿಂಗಳು, ಉಳಿದೆರಡಕ್ಕೆ ಎರಡು ತಿಂಗಳು ಎಂಬುದಕ್ಕೆ ಪ್ರತ್ಯೇಕ ಕಾರ್ಡಿರಲಿ, ಏಕೆಂದರೆ ಆಯ್ಕೆಗಳಲ್ಲಿ ಅದಲು ಬದಲಾಗುವುದು ಹೆಚ್ಚಾಗಿ ಇಂಥದ್ದೇ.

ಇಷ್ಟಾದರೂ ‘ಕೆಳಗಿನ ಹೇಳಿಕೆಗಳಲ್ಲಿ ಯಾವುವು ಸರಿ?’ ಎಂಬ ಮಾದರಿಗೆ ಕಾರ್ಡುಗಳು ಕಚ್ಚಾ ಸಾಮಗ್ರಿಯನ್ನು ಮಾತ್ರ ಒದಗಿಸುತ್ತವೆ. ತಪ್ಪು ಉತ್ತರಕ್ಕೆ ಅಂಕ ಕಳೆಯುವ ಪರೀಕ್ಷೆಯಿದು. ಆದ್ದರಿಂದ ವಾರಕ್ಕೊಂದು ಹಳೆಯ ಪ್ರಶ್ನೆಪತ್ರಿಕೆಯನ್ನು ಸಮಯವಿಟ್ಟು ಬಿಡಿಸಿ, ತಪ್ಪಿದ ಪ್ರಶ್ನೆಗಳಿಂದಲೇ ಮುಂದಿನ ವಾರದ ಹೊಸ ಕಾರ್ಡುಗಳನ್ನು ಬರೆಯಿರಿ.